ಹಿಂದಿನ ಸ್ಪ್ರಿಂಗು ಬೇಡ ಅಕ್ಕೋರೇ

ಸೈಕಲ್ ತಗೊಳ್ಳೋದು ಗಟ್ಟಿಯಾಯ್ತಾ ಅಕ್ಕೋರೇ? ಕೇಳಿ ಬಹಳ ಖುಷಿಯಾಯ್ತು. ವಾರವಿಡೀ ಶಾಲೆಗೆ ಹೋಗಿಬರೋಕೆ, ಭಾನುವಾರ ಸೋಂದಾಕ್ಕೋ ಸಹಸ್ರಲಿಂಗಕ್ಕೋ ಒಂದು ಸುತ್ತು ಹಾಕೋಕೆ, ಮನಸ್ಸು ಬಂದ ದಿನ ಸೊಪ್ಪಿನ ಬೆಟ್ಟದ ದಾರಿ ಹತ್ತೋಕೆ, ಎಲ್ಲಕ್ಕೂ ಒಂದೇ ಸೈಕಲ್. ಖರ್ಚು 25 ಸಾವಿರ ದಾಟಬಾರದು. ಆಗ್ತದೆ, ಖಂಡಿತ ಆಗ್ತದೆ. ಆದರೆ ಪೇಟೆಯಲ್ಲಿ ನೋಡಿ ಬಂದೆ ಅಂದ್ರಲ್ಲ, ಮುಂದೂ ಹಿಂದೂ ಸ್ಪ್ರಿಂಗ್ ಇರೋ 14 ಸಾವಿರದ್ದು, ಅದೊಂದು ಬೇಡ.

ನೋಡೋಕೆ ಚಂದ ಇರ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಲೆಕ್ಕ ಹಾಕಿ. ಹಿಂದಿನ ಶಾಕ್ ಸರಿಯಾಗಿ ಕೆಲಸ ಮಾಡಬೇಕು ಅಂದ್ರೆ ಫ್ರೇಮಿನ ಕೀಲುಗಳಲ್ಲಿ ಒಳ್ಳೇ ಬೇರಿಂಗ್ ಬೇಕು, ತೂಕಕ್ಕೆ ತಕ್ಕ ಹಾಗೆ ಗಾಳಿ ತುಂಬೋ ಶಾಕ್ ಬೇಕು. ಅಂಥ ಒಂದು ಶಾಕಿಗೇ ನೀವು ನೋಡಿದ ಇಡೀ ಸೈಕಲ್ಲಿನ ಬೆಲೆ ಬೀಳ್ತದೆ. ಅಗ್ಗದ ಸೈಕಲ್ಲಿಗೆ ಹಾಕೋದು ಬರೀ ದಪ್ಪ ಸ್ಪ್ರಿಂಗು. ಏರಿನಲ್ಲಿ ನೀವು ಪೆಡಲ್ ಒತ್ತಿದ ಬಲದಲ್ಲಿ ಒಂದು ಪಾಲು ಚಕ್ರಕ್ಕೆ ಹೋಗೋ ಬದಲು ಆ ಸ್ಪ್ರಿಂಗನ್ನ ಕುಗ್ಗಿಸೋಕೆ ಹೋಗ್ತದೆ. ಸೈಕಲ್ ಕೂತು ಎದ್ದು ಕೂತು ಎದ್ದು ಮಾಡ್ತದೆ, ಮುಂದೆ ಹೋಗೋದಿಲ್ಲ. ತೂಕ 18 ಕಿಲೋ ದಾಟಿರ್ತದೆ. ಒಂದು ಮಳೆಗಾಲದ ರಾಡಿ ಆ ಕೀಲಿನೊಳಗೆ ಹೊಕ್ಕರೆ ಲಟಲಟ ಶುರು, ಆಮೇಲೆ ಆ ಸಾಮಾನು ನಮ್ಮೂರಲ್ಲಿ ಸಿಗೋದಿಲ್ಲ.

ಹಿಂದೆ ಗಟ್ಟಿ ಫ್ರೇಮು, ಮುಂದೆ ಮಾತ್ರ ಶಾಕ್ ಇರೋದು ತಗೊಳ್ಳಿ. ಅಂಗಡಿಯಲ್ಲಿ ಹಾರ್ಡ್‌ಟೇಲ್ ಅಂತ ಕೇಳಿದ್ರೆ ತೋರಿಸ್ತಾರೆ. ಆ ಮುಂದಿನ ಶಾಕಿಗೆ ಲಾಕ್ ಇದ್ದರೆ ಇನ್ನೂ ಒಳ್ಳೇದು. ಡಾಂಬರು ರಸ್ತೆಯಲ್ಲಿ ತಿರುಗಿಸಿ ಗಟ್ಟಿ ಮಾಡಿಕೊಳ್ಳಬಹುದು, ಕೆಮ್ಮಣ್ಣು ಬಂದಾಗ ಬಿಡಬಹುದು.

ಹಿಂದಿನ ಶಾಕ್ ಇಲ್ಲದೇ ಗುಡ್ಡ ಹೇಗೆ ಅಂತೀರಾ? ಗುಡ್ಡ ಹತ್ತೋ ಈ ಥರದ ಸೈಕಲ್, ಅಂದ್ರೆ ಮೌಂಟೇನ್ ಬೈಕು, ಹುಟ್ಟಿದ ಕಥೆ ಕೇಳಿ, ಮಕ್ಕಳಿಗೂ ಹೇಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟ್ ಟ್ಯಾಮಲ್‌ಪೈಸ್ ಅಂತ ಒಂದು ಬೆಟ್ಟ. ಅಲ್ಲಿಯ ಹುಡುಗರು 1970ರ ದಶಕದಲ್ಲಿ 1930-40ರ ಕಾಲದ ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳನ್ನ ಹುಡುಕಿ ತಂದು ಮಣ್ಣುದಾರಿಯಲ್ಲಿ ಇಳಿಸ್ತಿದ್ರು. 1976ರಿಂದ ಅಲ್ಲೇ ಹತ್ತಿರದ ಒಂದು ಇಳಿಜಾರಿನಲ್ಲಿ ರೇಸೂ ಶುರುವಾಯ್ತು. ಪೆಡಲ್ ಹಿಂದಕ್ಕೆ ಒತ್ತಿದ್ರೆ ಹಿಡಿಯೋ ಬ್ರೇಕು, ಅದು ಹಿಂದಿನ ಹಬ್ಬಿನ ಒಳಗೇ ಇರೋದು. ಒಂದು ಸಲ ಇಳಿಯೋ ಹೊತ್ತಿಗೆ ಹಬ್ ಕಾದು ಗ್ರೀಸೆಲ್ಲ ಸುಟ್ಟು ಹೊಗೆ ಬರೋದು. ಬಿಚ್ಚಿ ಹೊಸ ಗ್ರೀಸ್ ತುಂಬಿಯೇ ಮತ್ತೆ ಇಳಿಸಬೇಕು. ಅವರು ಮೊದಲು ಸರಿಮಾಡಿಕೊಂಡಿದ್ದು ಬ್ರೇಕು. ಹತ್ತೋಕೆ ಸುಲಭ ಆಗಲಿ ಅಂತ ಗೇರು. ಅವರಲ್ಲೇ ಒಬ್ಬ, ಜೋ ಬ್ರೀಜ್ ಅನ್ನೋನು, 1977ರಲ್ಲಿ ಈ ಕೆಲಸಕ್ಕೇ ಅಂತ ಹೊಸ ಫ್ರೇಮ್ ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು. ಇಷ್ಟೆಲ್ಲ ಆದರೂ ಶಾಕ್ ಇರಲಿಲ್ಲ ಅಕ್ಕೋರೇ! ಮುಂದಿನ ಶಾಕ್ ಮಾರಾಟಕ್ಕೆ ಬಂದಿದ್ದು 1990ರ ಹೊತ್ತಿಗೆ. ಅಲ್ಲೀವರೆಗೂ ಜನ ದಪ್ಪ ಟೈರು, ಒಳ್ಳೇ ಬ್ರೇಕು, ಹಗುರ ಗೇರು, ಈ ಮೂರರಲ್ಲೇ ಬೆಟ್ಟ ಹತ್ತಿ ಇಳಿದ್ರು. ನಮ್ಮ ದುಡ್ಡೂ ಮೊದಲು ಅಲ್ಲಿಗೇ ಹೋಗಬೇಕು.

ಬ್ರೇಕಿಗೆ ಬರೋಣ. ಇಲ್ನೋಡಿ, ನನ್ನ ಸೈಕಲ್ಲಿನ ಚಕ್ರದ ನಡುವೆ ಈ ತೂತು ತೂತಿನ ಉಕ್ಕಿನ ತಟ್ಟೆ ಇದೆಯಲ್ಲ, ಇದೇ ಡಿಸ್ಕು. ರಿಮ್ಮನ್ನೇ ಹಿಡಿಯೋ ರಬ್ಬರ್ ಬ್ರೇಕು ಒಣ ಊರಿಗೆ ಸಾಕು. ನಮ್ಮಲ್ಲಿ ಜೂನ್ ಬಂತಂದ್ರೆ ರಿಮ್ಮಿನ ತುಂಬ ಕೆಂಪು ರಾಡಿ. ರಬ್ಬರಿಗೂ ರಿಮ್ಮಿಗೂ ಮಧ್ಯೆ ಮರಳು ಸಿಕ್ಕಿ ಎರಡನ್ನೂ ತಿಂದು ಹಾಕ್ತದೆ. ಡಿಸ್ಕ್ ನೆಲದಿಂದ ಮೇಲಿರ್ತದೆ, ಒದ್ದೆಯಲ್ಲೂ ಹಿಡೀತದೆ. ಅದರಲ್ಲೂ ಎರಡು ಥರ ಇದೆ. ಕೇಬಲ್ ಎಳೆಯೋದು ಒಂದು, ಎಣ್ಣೆ ಒತ್ತೋದು ಒಂದು. ಎಣ್ಣೆಯದ್ದು ಒಂದೇ ಬೆರಳಿಗೆ ನಿಲ್ತದೆ, ಸುಖ ಜಾಸ್ತಿ. ಆದರೆ ಒಳಗೆ ಗಾಳಿ ಸೇರಿದ್ರೆ ಬಲ್ಲವರೇ ತೆಗೀಬೇಕು. ಕೇಬಲ್ಲಿನದ್ದನ್ನ ಯಾವ ಸೈಕಲ್ ಅಂಗಡಿಯವನೂ ಬಿಗಿ ಮಾಡಿಕೊಡ್ತಾನೆ, ನೀವೇ ಕಲಿತರೂ ಆಯ್ತು. ಈಗಿನ ಬಜೆಟ್ಟಿಗೆ ಕೇಬಲ್ ಡಿಸ್ಕ್ ಸಾಕು.

ಗೇರು 21 ಇರಬೇಕಂತ ಅಂಗಡಿಯವ ಹೇಳಿದ್ನಾ? ಎಣಿಕೆ ನೋಡಬೇಡಿ. ಮುಂದೆ ಮೂರು, ಹಿಂದೆ ಏಳು, ಗುಣಿಸಿದ್ರೆ 21 ಆಗ್ತದೆ ನಿಜ, ಅದರಲ್ಲಿ ಎಷ್ಟೋ ಒಂದಕ್ಕೊಂದು ಹತ್ತಿರ ಹತ್ತಿರವೇ. ನೋಡಬೇಕಾದ್ದು ಅತಿ ಹಗುರ ಗೇರು ಯಾವುದು ಅಂತ. ಮುಂದಿನ ಸಣ್ಣ ಹಲ್ಲುಚಕ್ರದಲ್ಲಿ 24 ಹಲ್ಲು, ಹಿಂದಿನ ದೊಡ್ಡದರಲ್ಲಿ 28 ಅಂತ ಇಟ್ಟುಕೊಳ್ಳಿ. 27.5 ಇಂಚಿನ ಚಕ್ರದಲ್ಲಿ ಪೆಡಲ್ ಒಂದು ಸುತ್ತು ಬಂದ್ರೆ ಸೈಕಲ್ ಎರಡು ಮೀಟರಿಗೂ ಕಡಿಮೆ ದೂರ ಹೋಗ್ತದೆ. ಮುಂದೆ 42, ಹಿಂದೆ 14 ಹಾಕಿದ್ರೆ ಅದೇ ಒಂದು ಸುತ್ತಿಗೆ ಸುಮಾರು ಆರೂವರೆ ಮೀಟರು. ಒಂದು ಏರಿಗೆ, ಒಂದು ಸಮ ರಸ್ತೆಗೆ. ಹಿಂದೆ 32, 34 ಹಲ್ಲಿನ ಚಕ್ರ ಸಿಕ್ಕಿದ್ರೆ ನಿಮ್ಮ ಶಾಲೆಯ ಏರು ಇಳಿದು ತಳ್ಳದೇ ಮುಗೀತದೆ. ಶಿಮಾನೋದ ಟೂರ್ನಿ ಗೇರು ಕೆಳಗಿನ ಮೆಟ್ಟಿಲು, ಅದರ ಮೇಲೆ ಆಲ್ಟಸ್, ಅಸೆರಾ. ಆಲ್ಟಸ್ ಸಿಕ್ಕರೆ ಸಂತೋಷ, ಟೂರ್ನಿ ಆದರೂ ಸರಿಯಾಗಿ ಕೂರಿಸಿದ್ರೆ ದಿನದ ಕೆಲಸಕ್ಕೆ ಅಡ್ಡಿಯಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಗಿರಾಕಿಗಳು ಕೇಳೋದೇ ಇಲ್ಲ. ಹಿಂದಿನ ಚಕ್ರದಲ್ಲಿ ಇರೋ ಹಲ್ಲುಚಕ್ರಗಳ ಗೊಂಚಲು ಫ್ರೀವೀಲಾ, ಕ್ಯಾಸೆಟ್ಟಾ? ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗು ಒಳಗಡೆ ಉಳೀತದೆ, ಆ ಬದಿಯ ಆಕ್ಸೆಲ್ ತುದಿ ಆಧಾರ ಇಲ್ಲದೇ ಹೊರಗೆ ಚಾಚಿಕೊಂಡಿರ್ತದೆ. ಹೊಂಡಕ್ಕೆ ಬಿದ್ದು ಬಿದ್ದು ಅಲ್ಲೇ ಬಗ್ಗೋದು. ಕ್ಯಾಸೆಟ್ಟಿನಲ್ಲಿ ಬೇರಿಂಗು ಹೊರಗಡೆ ಬರ್ತದೆ, ಗಟ್ಟಿ. ಹಿಂದೆ ಏಳು ಗೇರು ಅಂದ್ರೆ ಹೆಚ್ಚಾಗಿ ಫ್ರೀವೀಲು, ಎಂಟರ ಮೇಲೆ ಹೆಚ್ಚಾಗಿ ಕ್ಯಾಸೆಟ್ಟು. ಒಂದೆರಡು ಸಾವಿರ ಹೆಚ್ಚು ಕೊಟ್ಟು ಕ್ಯಾಸೆಟ್ ಸಿಗ್ತದೆ ಅಂದ್ರೆ ಕೊಡಿ.

ಅಳತೆ ಮಾತ್ರ ಬಿಡಲೇಬೇಡಿ. ಎಷ್ಟು ಒಳ್ಳೇ ಸೈಕಲ್ ಆದರೂ ಮೈಗೆ ಹೊಂದದಿದ್ದರೆ ಎರಡು ವಾರಕ್ಕೆ ಸೊಂಟ, ಕುತ್ತಿಗೆ ಹಿಡೀತದೆ, ಮೂರನೇ ವಾರ ಕೊಟ್ಟಿಗೆ ಸೇರ್ತದೆ. ನಿಮ್ಮ ಎತ್ತರ ಐದು ಅಡಿ ಎರಡು ಇಂಚಲ್ವಾ? ಸ್ಮಾಲ್ ಫ್ರೇಮ್ ಕೇಳಿ, 15-16 ಇಂಚಿನದ್ದು. ಚಕ್ರ 27.5 ಇರಲಿ, 29 ಹೊಂಡದ ಮೇಲೆ ಸಲೀಸಾಗಿ ಹೋಗ್ತದೆ, ಆದರೆ ನಿಮ್ಮ ಎತ್ತರಕ್ಕೆ ತಿರುವಿನಲ್ಲಿ ಭಾರ ಅನ್ನಿಸ್ತದೆ. ಫ್ರೇಮಿನ ಮೇಲಿನ ಕೋಲು ಹಿಂದಕ್ಕೆ ಇಳಿಜಾರಿರೋದು ನೋಡಿ, ಚೂಡಿದಾರ ಹಾಕಿ ಹತ್ತಿಳಿಯೋಕೆ ಅನುಕೂಲ. ಕೋಲಿನ ಎರಡೂ ಬದಿ ಕಾಲು ಊರಿ ನಿಂತ್ರೆ ಮಧ್ಯೆ ಎರಡು ಇಂಚಾದರೂ ಖಾಲಿ ಉಳೀಬೇಕು. ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ: ಪೆಡಲ್ ಕೆಳಗೆ ಇರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದ್ರೆ ಮೊಣಕಾಲು ಬೇಕಾದಷ್ಟೇ ಮಡಚ್ತದೆ.

ಟೈರಿನ ಅಗಲ 2.1 ಇಂಚು ಆಸುಪಾಸು ಸಾಕು. ನಡುವಿನ ಗುಬುಟುಗಳು ಒತ್ತೊತ್ತಾಗಿ ಇರಲಿ, ಬದಿಯವು ಬಿಡಿಬಿಡಿಯಾಗಿ ಇರಲಿ. ನಡುವಿನದ್ದು ಡಾಂಬರಿನಲ್ಲಿ ಎಳೆಯೋದಿಲ್ಲ, ಬದಿಯದ್ದು ಮಣ್ಣಿನ ತಿರುವಿನಲ್ಲಿ ಕಚ್ಚಿ ಹಿಡೀತದೆ. ಗಾಳಿ ಎಷ್ಟು ತಡೀತದೆ ಅಂತ ಟೈರಿನ ಬದಿಯಲ್ಲೇ ಬರೆದಿರ್ತಾರೆ. ಶಾಲೆಗೆ ಹೋಗೋ ದಿನ 45-50 ಪಿಎಸ್‌ಐ, ಬೆಟ್ಟಕ್ಕೆ 30-35. ಆ ವ್ಯತ್ಯಾಸ ಕೈಗೇ ಗೊತ್ತಾಗ್ತದೆ, ಅಗ್ಗದ ಶಾಕ್ ಮಾಡದ ಕೆಲಸ ಇದೊಂದೇ ಮಾಡ್ತದೆ. ಈ ಸೈಕಲ್‌ಗಳ ವಾಲ್ವು ಹೆಚ್ಚಾಗಿ ಸ್ಕೂಟರಿನದ್ದೇ ಥರ ಇರ್ತದೆ, ಪೆಟ್ರೋಲ್ ಬಂಕಿನಲ್ಲೂ ತುಂಬಿಸಬಹುದು.

ನಿಮಗೆ ನೋಟ್‌ಬುಕ್ಕಿನ ಚೀಲ ಹೊರೋದು ಇದೆಯಲ್ಲ? ಹಿಂದಿನ ಆಕ್ಸೆಲ್ ಮೇಲೆ ಫ್ರೇಮಿನಲ್ಲಿ ಸ್ಕ್ರೂ ಕೂರೋ ಸಣ್ಣ ತೂತು ಇದೆಯಾ ನೋಡಿ. ಇಲ್ಲಿ, ಬಗ್ಗಿ ನೋಡಿ, ಇದೇ. ಇದಿದ್ರೆ ಕ್ಯಾರಿಯರ್ ಗಟ್ಟಿಯಾಗಿ ನಿಲ್ತದೆ. ಕೆಲವು ಸೈಕಲ್ಲಿಗೆ ಡಿಸ್ಕ್ ಬ್ರೇಕು ಕ್ಯಾರಿಯರಿನ ಕಾಲಿಗೆ ಅಡ್ಡ ಬರ್ತದೆ, ಅಲ್ಲೇ ಹಾಕಿಸಿ ನೋಡಿಯೇ ದುಡ್ಡು ಕೊಡಿ. ಮಡ್‌ಗಾರ್ಡೂ ಅಷ್ಟೇ. ಕ್ಯಾರಿಯರ್ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ 2006-07ರಿಂದ ಸೈಕಲ್ ಕೊಡ್ತಿತ್ತಲ್ಲ, ಗೇರೂ ಇಲ್ಲ, ಶಾಕೂ ಇಲ್ಲ. ಕ್ಯಾರಿಯರ್ ಮೇಲೆ ತಂಗಿಯನ್ನ ಕೂರಿಸಿಕೊಂಡು ಎಷ್ಟು ಮಕ್ಕಳು ಶಾಲೆಗೆ ಬಂದ್ರು, ನೀವೇ ಕಂಡಿದ್ದೀರಿ.

25 ಸಾವಿರವನ್ನೂ ಸೈಕಲ್ಲಿಗೇ ಹಾಕಬೇಡಿ. 20ರಿಂದ 21 ಸಾವಿರದ್ದು ಸೈಕಲ್, ಉಳಿದಿದ್ದು ಹೆಲ್ಮೆಟ್, ಹಿಂದೆ ಮುಂದೆ ಲೈಟು, ಪಂಪು, ಒಂದು ಹೆಚ್ಚಿನ ಟ್ಯೂಬು, ಬೀಗ. ಹೆಲ್ಮೆಟ್ಟಿನ ಒಳಗೆ ಇಎನ್ 1078 ಅಂತ ಅಚ್ಚಾಗಿರೋದು ತಗೊಳ್ಳಿ. ಬಿಲ್ಲನ್ನೂ ನೋಡಿಕೊಳ್ಳಿ, 2025ರ ಸೆಪ್ಟೆಂಬರಿನಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಡಬ್ಬದಲ್ಲಿ ತರಿಸೋದಾದ್ರೆ ಜೋಡಣೆಯನ್ನ ಅಂಗಡಿಯಲ್ಲೇ ಮಾಡಿಸಿ. ಎಡ ಪೆಡಲ್ಲಿನ ಮರೆ ಉಲ್ಟಾ ಇರ್ತದೆ, ಗೊತ್ತಿಲ್ಲದೇ ಬಲವಂತ ಮಾಡಿದ್ರೆ ಕ್ರ್ಯಾಂಕೇ ಹಾಳು.

ಸೆಕೆಂಡ್ ಹ್ಯಾಂಡ್ ಕೂಡ ನೋಡಬಹುದು ಅಕ್ಕೋರೇ, ಸಂಕೋಚ ಬೇಡ. ಉಮೇದಿಯಲ್ಲಿ ತಂದು ಮೂಲೆಗೆ ನಿಲ್ಲಿಸಿದ ಒಳ್ಳೊಳ್ಳೇ ಸೈಕಲ್ ಎಷ್ಟೋ ಮನೆಯಲ್ಲಿವೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ರಿಮ್ ಬೆಂಡ್ ಇದ್ದರೆ ಫ್ರೇಮಿನ ಹತ್ತಿರ ಕಾಣ್ತದೆ. ಟೈರ್ ಹಿಡಿದು ಆಚೆ ಈಚೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಹಬ್ಬಿನ ಬೇರಿಂಗ್ ಸವೆದಿದೆ. ಹ್ಯಾಂಡಲ್ ಕೆಳಗೆ ಫ್ರೇಮ್ ಕೂಡೋ ಜಾಗದಲ್ಲಿ ಬಣ್ಣ ಗೆರೆ ಗೆರೆಯಾಗಿ ಬಿಟ್ಟಿದ್ರೆ ಬಿರುಕಿರಬಹುದು, ಅದನ್ನ ಮುಟ್ಟಲೇಬೇಡಿ. ಹಳೇ ಬಿಲ್ಲು ಕೇಳಿ ಇಟ್ಟುಕೊಳ್ಳಿ.

ಬಜೆಟ್ ಕಡಿಮೆ ಇರುವಾಗ ಕಡಿಮೆ ಸಾಮಾನಿರೋ ಸೈಕಲ್ ತಗೋಬೇಕು, ಇರೋ ಸಾಮಾನೆಲ್ಲ ಗಟ್ಟಿಯಾಗಿರಬೇಕು. ಅಂಥದ್ದು ನಿಮ್ಮನ್ನ ಮಳೆಯಲ್ಲೂ ಶಾಲೆಗೆ ಮುಟ್ಟಿಸ್ತದೆ, ಬೆಟ್ಟವನ್ನೂ ಹತ್ತಿಸ್ತದೆ. ಮುಂದಿನ ವರ್ಷ ಕೈಯಲ್ಲಿ ದುಡ್ಡು ಓಡಾಡಿದಾಗ ಟೈರೋ ಬ್ರೇಕೋ ಇನ್ನೂ ಒಳ್ಳೇದು ಹಾಕಿಸಿಕೊಳ್ಳಬಹುದು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬನ್ನಿ, ಪೇಟೆಗೆ ಒಟ್ಟಿಗೇ ಹೋಗೋಣ. ಅಂಗಡಿಯ ಎದುರಿನ ಏರಿನಲ್ಲಿ ಮೂರ್ನಾಲ್ಕು ಸೈಕಲ್ ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿ. ಆಮೇಲೆ ಬಣ್ಣ ನಿಮ್ಮಿಷ್ಟ.