ಮೋಟಾರಿಗೂ ಒಂದು ಬಕೆಟ್ ನೀರು

ರಾಯದುರ್ಗದಲ್ಲಿ ಮೋಟಾರಿನ ಸುದ್ದಿ ಎತ್ತಬಾರದು. ಜೀನ್ಸ್ ಹೊಲಿದೇ ಹೆಸರಾದ ಊರು. ಹೊಲಿಗೆ ಮೆಷಿನ್ನುಗಳ ನಡುವೆ ಬದುಕುವ ಇಲ್ಲಿನವರೆಲ್ಲ ಮೋಟಾರ್ ಪಂಡಿತರೇ. ಹವ್ಯಾಸಕ್ಕೆಂದು, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಪುಟ್ಟ ಸಿಎನ್‌ಸಿ ರೂಟರ್ ಕಟ್ಟಿಕೊಂಡು ಬೇವಿನ ಹಲಗೆಯ ಮೇಲೆ ಹೂಬಳ್ಳಿ ಕೆತ್ತಲು ಹೊರಟವನಿಗೆ ಸ್ಪಿಂಡಲ್, ಅಂದರೆ ಕೆತ್ತುವ ಬಿಟ್ ತಿರುಗಿಸುವ ಮೋಟಾರ್, ಆರಿಸುವುದಕ್ಕಿಂತ ಸಲಹೆ ತಪ್ಪಿಸಿಕೊಳ್ಳುವುದೇ ಕಷ್ಟ.

ಮಡಕಶಿರಾದ ಭಾವನದು ಒಂದೇ ಹಟ. "ತಗೊಂಡ್ರೆ 2.2 ಕಿಲೋವ್ಯಾಟೇ ತಗೋ. ಮೂರು ಎಚ್‌ಪಿ!"

"ಭಾವ, ಅದರ ಭಾರಕ್ಕೆ ನನ್ನ ಮೆಷಿನ್ನೇ ಬಾಗುತ್ತೆ. 800 ವ್ಯಾಟ್ ಸಾಕು."

"ಸಾಕು ಅನ್ನೋದು ಊಟದಲ್ಲಪ್ಪ, ಮೋಟಾರಲ್ಲಲ್ಲ."

ಬಿಟ್ ಹಿಡಿಯುವ ಇಆರ್11 ಕಾಲೆಟ್ 7 ಮಿಲಿಮೀಟರ್ ದಪ್ಪದವರೆಗೆ ಹಿಡಿಯುತ್ತದೆ, ಮರಕ್ಕೆ ಅಷ್ಟು ಧಾರಾಳ, ಬಿಟ್ ನಡುಗದೆ ನೆಟ್ಟಗೆ ತಿರುಗುವುದೇ ಮುಖ್ಯ ಎಂದೆ. ಕಿವಿಗೆ ಬೀಳಲಿಲ್ಲ.

ಮುಂದಿನ ಜಗಳ ತಂಪಿನದು. ಗಾಳಿಯಿಂದ ತಣಿಯುವ ಸ್ಪಿಂಡಲ್ ಫ್ಯಾನಿನ ಸದ್ದಿನಲ್ಲಿ ಬೀದಿಯನ್ನೇ ಎಬ್ಬಿಸುತ್ತದೆ, ನೀರಿನದು ಸಾಧು. ಆದರೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಮೋಟಾರಿಗೂ ಒಂದು ಬಕೆಟ್ ನೀರು ಎಂದರೆ ಮನೆಯಲ್ಲಿ ಸುಮ್ಮನಿರುತ್ತಾರೆಯೇ? "ಅದೇ ನೀರು ಸುತ್ತುತ್ತಿರುತ್ತೆ, ಖರ್ಚಾಗಲ್ಲ" ಎಂದೆ. "ಹಾಗಾದ್ರೆ ನಿಮ್ಮ ಸ್ನಾನಕ್ಕೂ ಹಾಗೇ ಮಾಡಿಕೊಳ್ಳಿ" ಎಂದಳು ಹೆಂಡತಿ.

ಕೊನೆಗೆ ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ಡಬ್ಬಿ ತೋರಿಸಿದೆ. ಮನೆಯ ಸಿಂಗಲ್ ಫೇಸ್ ಕರೆಂಟನ್ನು ತ್ರೀ ಫೇಸ್ ಮಾಡಿ, 400 ಹರ್ಟ್ಸಿಗೆ ಏರಿಸಿ, ಸ್ಪಿಂಡಲನ್ನು ನಿಮಿಷಕ್ಕೆ 24,000 ಸುತ್ತು ತಿರುಗಿಸುತ್ತದೆ ಎಂದೆ. ಸುತ್ತು, ಹರ್ಟ್ಸ್ ಯಾವುದೂ ಭಾವನಿಗೆ ಬೇಕಿರಲಿಲ್ಲ. ಶೇಂಗಾ ಹೊಲದಲ್ಲಿ ಪಂಪ್‌ಸೆಟ್ ಓಡಿಸಲು ತ್ರೀ ಫೇಸಿಗಾಗಿ ಕಾದು ಕೂತ ಜೀವ ಅದು.

"ಸ್ಪಿಂಡಲ್ ಯಾವುದಾದ್ರೂ ತಗೋಳಪ್ಪ. ಈ ಡಬ್ಬಿ ಮಾತ್ರ ಒಂದು ವಾರ ನನಗೆ ಕೊಡು."