ಉತ್ತರಕುಮಾರನ ಇಂಟರ್‌ವ್ಯೂ

ಪುಣೆಯ ವಿಮಾನ ನಗರದಲ್ಲಿ ತಲೆಯೆತ್ತಿ ಮೇಲೆ ನೋಡುವವರು ಎರಡೇ ಬಗೆ: ಲೋಹಗಾಂವ್ ನಿಲ್ದಾಣಕ್ಕೆ ಇಳಿಯುವ ವಿಮಾನ ನೋಡುವ ಮಕ್ಕಳು, ಇಂಟರ್‌ವ್ಯೂಗೆ ಬಂದು ದೇವರನ್ನು ನೆನೆಯುವ ದೊಡ್ಡವರು. ಕಲಬುರಗಿ, ವಿಜಯಪುರಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು, ಇಸ್ತ್ರಿ ಮುರಿಯದಂತೆ ಆಟೋದಲ್ಲಿ ಸೆಟೆದು ಕೂತು ಐಟಿ ಪಾರ್ಕು ಹುಡುಕುವ ಹುಡುಗರಿಗೆ ಊರಿನವರು ಕಟ್ಟಿಕೊಡುವ ಬುತ್ತಿ ಒಂದೇ: 'ಕಾನ್ಫಿಡೆನ್ಸ್ ಇರಬೇಕು ನೋಡಪಾ.' ಅದು ಯಾವ ಸಂತೆಯಲ್ಲಿ ಸಿಗುತ್ತದೆ, ಕಿಲೋಗೆ ಎಷ್ಟು ಎಂದು ಯಾರೂ ಹೇಳುವುದಿಲ್ಲ. ಹೆಚ್ಚೆಂದರೆ ಕನ್ನಡಿ ತೋರಿಸುತ್ತಾರೆ.

ಈ ಕನ್ನಡಿ ವೈದ್ಯಕ್ಕೆ ಒಮ್ಮೆ ವಿಜ್ಞಾನದ ಮೊಹರೂ ಬಿದ್ದಿತ್ತು. ಕೈಕಾಲು ಚಾಚಿ ಎರಡು ನಿಮಿಷ ಗತ್ತಿನ ಭಂಗಿಯಲ್ಲಿದ್ದರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಉಕ್ಕುತ್ತದೆಂದು 2010ರಲ್ಲಿ ಅಮೆರಿಕದ ಮೂವರು ಸಂಶೋಧಕರು 42 ಜನರನ್ನು ಪ್ರಯೋಗಕ್ಕೆ ನಿಲ್ಲಿಸಿ ನೋಡಿ ಬರೆದರು. 2015ರಲ್ಲಿ ಬೇರೆಯವರು 200 ಜನರನ್ನು ನಿಲ್ಲಿಸಿದಾಗ ಬಲ ಬಂದಂತೆ ಅನ್ನಿಸಿದ್ದಷ್ಟೇ ಉಳಿಯಿತು, ಹಾರ್ಮೋನು ಮಿಸುಕಲಿಲ್ಲ. ಮರುವರ್ಷ ಮೊದಲ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಡಾನಾ ಕಾರ್ನಿಯವರೇ ತಮಗೆ ಅದರಲ್ಲಿ ನಂಬಿಕೆಯಿಲ್ಲವೆಂದು ಒಪ್ಪಿಕೊಂಡರು. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ನಮ್ಮ ಅಜ್ಜಿಯರು ಒಬ್ಬರನ್ನೂ ನಿಲ್ಲಿಸದೆ ಹೇಳಿದ್ದರು. ಕೌರವ ಸೇನೆ ಕಂಡು ರಥದಿಂದ ಹಾರಿ ಓಡಿದ ಆ ರಾಜಕುಮಾರನನ್ನು ಬೃಹನ್ನಳೆಯ ವೇಷದ ಅರ್ಜುನ ಕನ್ನಡಿಯ ಮುಂದೆ ನಿಲ್ಲಿಸಲಿಲ್ಲ. ಹಿಡಿದು ತಂದು ಕೈಗೆ ಕಡಿವಾಣ ಕೊಟ್ಟ. ಕುದುರೆ ಹೊಡೆಯುತ್ತಾ ಹೊಡೆಯುತ್ತಾ ಉತ್ತರನ ನಡುಕ ಇಳಿಯಿತು. ಸ್ವತಃ ಮಾಡಿ ಗೆದ್ದ ಅನುಭವವೇ ಆತ್ಮವಿಶ್ವಾಸದ ಅತಿ ಗಟ್ಟಿ ಮೂಲವೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದದ್ದೂ ಇದನ್ನೇ. ವಿಮಾನ ನಗರದ ನೆತ್ತಿಯ ಮೇಲೆ ಹಾರುವವರನ್ನೇ ನೋಡಿ: ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಪರವಾನಗಿಗೆ 200 ಗಂಟೆ ಹಾರಿದ ಲೆಕ್ಕ ಕೇಳುತ್ತಾರೆ. 'ಹಾರಿಲ್ಲ, ಆದರೆ ಕಾನ್ಫಿಡೆನ್ಸ್ ಇದೆ' ಎನ್ನುವವನ ವಿಮಾನವನ್ನು ಯಾರು ಹತ್ತುತ್ತಾರೆ?

ಕೆಲಸ ಬಲ್ಲವನು ಬಾಯಿ ಬಿಡದೆ ಸೋಲುತ್ತಾನೆ, ಮಾತಿನಮಲ್ಲ ಗೆಲ್ಲುತ್ತಾನಲ್ಲ ಎಂದು ಕೇಳಬಹುದು. ನಿಜ. ಮಾತಿನ ತೂಕವನ್ನು ಎಲ್ಲರೂ ನಂಬುವುದಿಲ್ಲವೆಂಬುದಕ್ಕೆ, ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟದ್ದು ಸಾಕ್ಷಿ. ಖಾಸಗಿಯವರು ಬಿಟ್ಟಿಲ್ಲ. ಹಾಗಾಗಿ ಮಾತನ್ನೂ ಒಂದು ಕಸುಬೆಂದು ಎಣಿಸಿ ಅದಕ್ಕೂ ಗಂಟೆಗಳ ಲೆಕ್ಕ ಇಡಬೇಕು. ಮನಸ್ಸಿನಲ್ಲಿ ನಿರರ್ಗಳವಾಗಿ ಹರಿಯುವ ಇಂಗ್ಲಿಷು ಹಲ್ಲಿನ ಬಳಿ ಬಂದು ಯಾಕೆ ನಿಲ್ಲುತ್ತದೆಂದು, ಗೆಳೆಯನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಹೇಳಿದಾಗಲೇ ತಿಳಿಯುವುದು. ಇಷ್ಟಾದರೂ ಕೈ ನಡುಗಿದರೆ? ನಡುಗಲಿ. ಭಾಷಣಕಾರರಿಗೆ ತಮ್ಮ ಅಳುಕು ಎಷ್ಟು ಬಯಲಾಯಿತೆಂದು ಅನ್ನಿಸುತ್ತದೋ ಅಷ್ಟು ಕೇಳುಗರಿಗೆ ಕಾಣುವುದಿಲ್ಲವೆಂದು 2003ರಲ್ಲಿ ಸವಿಟ್‌ಸ್ಕಿ, ಗಿಲೋವಿಚ್ ಎಂಬಿಬ್ಬರು ಪ್ರಯೋಗ ಮಾಡಿ ತೋರಿಸಿದ್ದಾರೆ. ಎದುರಿಗೆ ಕೂತವರಿಗಾದರೂ ಆ ಗಳಿಗೆಯಲ್ಲಿ ತಮ್ಮದೇ ಆತಂಕ: ಅಭ್ಯರ್ಥಿಯ ರೆಸ್ಯೂಮೆಯನ್ನು ಅವರು ಅನೇಕ ಸಲ ಅಲ್ಲೇ, ಆಗಲೇ, ಮೊದಲ ಬಾರಿಗೆ ಓದುತ್ತಿರುತ್ತಾರೆ, ಅದು ಗೊತ್ತಾಗದಿರಲೆಂದು ಗಂಭೀರವಾಗಿ ತಲೆದೂಗುತ್ತಿರುತ್ತಾರೆ.