ಕಾರಿನ ಅಡಿಯಾಳಿನ ಅಹವಾಲು

(ಕಾರಿನ ಹೊಟ್ಟೆಯಡಿ ಗಾಳಿಗೆ ದಾರಿ ಮಾಡಿಕೊಡುವ ಪ್ಲಾಸ್ಟಿಕ್ ಹಾಳೆ, ಶ್ರೀ ಅಂಡರ್‌ಕವರ್ ಅವರು ಸದ್ಯ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ವಿಶ್ರಾಂತಿಯಲ್ಲಿದ್ದಾರೆ. ಅಲ್ಲೇ ಮಾತಿಗೆ ಸಿಕ್ಕರು.)

ಪ್ರಶ್ನೆ: ತಮ್ಮ ಕೆಲಸವೇನು, ಸರ್?

ಉತ್ತರ: ಅಡಿಯಾಳಿನ ಕೆಲಸ. ಹೊಸ ಕಾರಿನ ಪೂಜೆಯಲ್ಲಿ ಬಾನೆಟ್ಟಿಗೆ ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು. ನನಗೆ ಮೊದಲ ಹಂಪು. ಕಾರಿನ ತಳ ಎಂದಾದರೂ ನೋಡಿದ್ದೀರಾ? ಸೈಲೆನ್ಸರ್ ಪೈಪು, ಆಕ್ಸೆಲ್, ಸಸ್ಪೆನ್ಷನ್ನಿನ ಕೈಕಾಲು. ಒಳನುಗ್ಗಿದ ಗಾಳಿ ಒಂದೊಂದಕ್ಕೂ ಬಡಿದು, ಸುಳಿಯಾಗಿ, ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಅವನ್ನೆಲ್ಲ ಮುಚ್ಚಿ ಗಾಳಿಯನ್ನು ನುಣ್ಣಗೆ ಸಾಗಹಾಕುವವನು ನಾನು. ಹಿಂಬಂಪರಿನಡಿ ಮೇಲಕ್ಕೆ ಓರೆಯಾಗಿರುವ ಡಿಫ್ಯೂಸರ್ ಅದನ್ನು ಮೆಲ್ಲಗೆ ಹೊರಬಿಡುತ್ತದೆ.

ಪ್ರಶ್ನೆ: ಅದರಿಂದ ಪೆಟ್ರೋಲು ಉಳಿಯುತ್ತದೆಯೇ?

ಉತ್ತರ: ಕಾರು ಓಡಿದರೆ! ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. 80 ಕಿ.ಮೀ. ವೇಗದಲ್ಲಿದ್ದ ತಡೆ 20ಕ್ಕೆ ಇಳಿದಾಗ ಹದಿನಾರನೇ ಒಂದು ಪಾಲು. ಸಂಜೆ ಆರಕ್ಕೆ ಹಲಸೂರಿನಿಂದ ಟಿನ್ ಫ್ಯಾಕ್ಟರಿಗೆ ಹೋಗಿ ನೋಡಿ, ಕಾರಿಗಿಂತ ಗಾಳಿಯೇ ಮುಂದಿರುತ್ತದೆ. ಅಲ್ಲಿ ಪೆಟ್ರೋಲು ಕುಡಿಯುವುದು ನಿಲ್ಲು, ಹೊರಡು, ಮತ್ತೆ ನಿಲ್ಲು ಎಂಬ ಕವಾಯತು.

ಪ್ರಶ್ನೆ: ಈ ಕಡೆ ಗಾಳಿಗೆ ಮರ್ಯಾದೆಯೇ ಇಲ್ಲವೆ?

ಉತ್ತರ: ಇದೆಯಲ್ಲ! ಇಂದಿರಾನಗರದಾಚೆ ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರಸ್ತೆಯೇ ಇದೆ. ಅಲ್ಲಿರುವ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 1.2 ಮೀಟರ್ ಗಾಳಿಸುರಂಗದಲ್ಲಿ 1967ರಿಂದ ವಿಮಾನ, ರಾಕೆಟ್ಟುಗಳ ಮಾದರಿಗಳ ಮೇಲೆ ಶಬ್ದದ ನಾಲ್ಕು ಪಟ್ಟು ವೇಗದವರೆಗೂ ಗಾಳಿ ಹಾಯಿಸುತ್ತಾರೆ. ಹೊರಗೆ, ಅದೇ ಹೆಸರಿನ ರಸ್ತೆಯಲ್ಲಿ, ಕಾರುಗಳು ತೆವಳುತ್ತವೆ.

ಪ್ರಶ್ನೆ: ತಮಗೆ ಈ ಗತಿ ಬಂದದ್ದು?

ಉತ್ತರ: ಹಂಪಿನಿಂದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು. ರಾತ್ರೋರಾತ್ರಿ ಸುರಿದ ಹಂಪಿಗೆ ಎತ್ತರವೊಂದೇ ಗೊತ್ತು. ಮೊದಲು ಕ್ಲಿಪ್ಪು ಹಾರಿದವು. ಮೆಕ್ಯಾನಿಕ್ ಕೇಬಲ್ ಟೈ ಬಿಗಿದ. ಆಮೇಲೆ "ಇದ್ಯಾಕೆ ಸಾರ್, ಸುಮ್ನೆ ಸೌಂಡು" ಅಂತ ಕಿತ್ತೇ ಹಾಕಿದ.

ಪ್ರಶ್ನೆ: ಸರಿಯಾಗೇ ಮಾಡಿದನಲ್ಲವೆ?

ಉತ್ತರ: ಅರ್ಧ ಸರಿ. ಊರೊಳಗೆ ನಾನಿಲ್ಲದಿದ್ದರೂ ಮೈಲೇಜಿಗೆ ಗೊತ್ತಾಗುವುದಿಲ್ಲ. ಆದರೆ ಎಂಜಿನ್ನಿಗೆ ಸಿಡಿಯುವ ಕೆಸರು ತಡೆಯುತ್ತಿದ್ದವನೂ ನಾನೇ. ಕೆ.ಆರ್. ಪುರದ ತೂಗುಸೇತುವೆ ದಾಟಿ, ಕೋಲಾರದ ಹೆದ್ದಾರಿಯಲ್ಲಿ ಮುಳ್ಳು ನೂರರ ಹತ್ತಿರ ಬಂದಾಗ ನನ್ನ ಬೆಲೆ ತಿಳಿಯುತ್ತದೆ.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಉತ್ತರ: ಹೆದ್ದಾರಿಗೆ ಹೊರಡುವ ಮುನ್ನ ಟೈರಿನ ಗಾಳಿ ನೋಡುತ್ತೀರಲ್ಲ, ಹಾಗೇ ಒಮ್ಮೆ ಬಗ್ಗಿ ತಳವನ್ನೂ ನೋಡಿ. ಸಡಿಲವಾಗಿದ್ದರೆ ಕ್ಲಿಪ್ಪು ಹಾಕಿಸಿ. ಅರ್ಧ ಜೋತಾಡುವ ಕವರ್ ಗಾಳಿಯನ್ನು ಬಾಚಿ ಹಿಡಿಯುತ್ತದೆ. ಅದಕ್ಕಿಂತ ಕವರೇ ಇಲ್ಲದಿರುವುದು ಮೇಲು.